ಹಗಲಿನ ಬಿಸಿಲು, ರಾತ್ರಿಯ ಕರೆಂಟ್

ಕರೆಂಟ್ ಬಿಲ್ ಬಂದ ತಕ್ಷಣ ನಾವೆಲ್ಲ ಮೊದಲು ನೋಡುವುದು ಎಷ್ಟು ಯುನಿಟ್ ಆಗಿದೆ ಅಂತ. ಗೃಹಜ್ಯೋತಿಯ ಮಿತಿಯೊಳಗೆ ಇದ್ದರೆ ಸಮಾಧಾನ, ದಾಟಿದ್ದರೆ ಗೀಸರ್ ಯಾರು ಹಾಗೇ ಬಿಟ್ಟರು ಅನ್ನೋ ಮಾತು. ಆದರೆ ಒಂದು ಯುನಿಟ್ ಅಂದರೆ ಎಷ್ಟು ಕೆಲಸ ಅಂತ ಯಾವತ್ತಾದರೂ ಲೆಕ್ಕ ಹಾಕಿದ್ದೀರಾ?

ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಪೂರ್ತಿ ಓಡಿದರೆ ಒಂದು ಯುನಿಟ್. ಅದನ್ನು ಮೈ ದುಡಿಮೆಗೆ ಹೋಲಿಸಿ ನೋಡಿ. ಗಟ್ಟಿಮುಟ್ಟಾದ ಒಬ್ಬ ಆಳು ಬೆಳಗ್ಗೆಯಿಂದ ಸಂಜೆವರೆಗೆ ಅಗೆದು, ಹೊತ್ತು, ಎತ್ತಿ ದುಡಿದರೂ ಅವನ ಮೈಯಿಂದ ಹೊರಬರುವ ಕೆಲಸ ಅರ್ಧದಿಂದ ಮುಕ್ಕಾಲು ಯುನಿಟ್ ಅಷ್ಟೇ. ಇನ್ನೊಂದು ರೀತಿ ಹೇಳುತ್ತೇನೆ. ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕಿನ ನೀರನ್ನು ನೆಟ್ಟಗೆ 367 ಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ ಒಂದು ಯುನಿಟ್. ಜೋಗ ಜಲಪಾತದ ಎತ್ತರ 253 ಮೀಟರ್. ಅಂದರೆ ಸಾವಿರ ಲೀಟರ್ ನೀರನ್ನು ಜೋಗದ ಗುಂಡಿಯಿಂದ ಮೇಲಕ್ಕೆ ಹೊತ್ತು ತಂದು, ಅಲ್ಲಿಂದ ಇನ್ನೂ ನೂರು ಮೀಟರಿಗೂ ಜಾಸ್ತಿ ಮೇಲೆ ಒಯ್ಯಬೇಕು. ಇದಕ್ಕೆ ನಾವು ಕೊಡುವ ದುಡ್ಡು ಸುಮಾರು ಆರು ರೂಪಾಯಿ.

ಇಷ್ಟು ದುಡಿಮೆ ಇಷ್ಟು ಅಗ್ಗಕ್ಕೆ ಸಿಗುವುದು ಮನುಷ್ಯನ ಇತಿಹಾಸದಲ್ಲಿ ತೀರಾ ಇತ್ತೀಚಿನ ಸಂಗತಿ. ಇದು ಹೇಗೆ ಬಂತು, ಇದರ ಬೆಲೆಯನ್ನು ಯಾರು ತೆತ್ತರು, ಮುಂದೆ ಏನಾಗುತ್ತದೆ ಅನ್ನೋದನ್ನ ನಮ್ಮದೇ ರಾಜ್ಯದ ಕಥೆಯಲ್ಲಿ ಚೆನ್ನಾಗಿ ನೋಡಬಹುದು. ಜಗತ್ತು ಇಂಧನದ ಜೊತೆ ಇಟ್ಟುಕೊಂಡ ಸಂಬಂಧ ಬದಲಾಗುತ್ತಾ ಬಂದಿದ್ದರ ಮುಖ್ಯ ತಿರುವುಗಳೆಲ್ಲ ಕರ್ನಾಟಕದಲ್ಲೇ ಸಿಗುತ್ತವೆ.

ಮೊದಲು ಕರೆಂಟ್ ಇಲ್ಲದ ಕಾಲದಿಂದ ಶುರು ಮಾಡೋಣ. ಬಾವಿಯಿಂದ ನೀರೆತ್ತಲು ಏತ, ಕಪಿಲೆ. ಎಣ್ಣೆ ತೆಗೆಯಲು ಗಾಣ. ಒಂದು ಜೋಡಿ ಎತ್ತು ಕೊಡುವ ಬಲ ಹೆಚ್ಚುಕಡಿಮೆ ಒಂದು ಎಚ್‌ಪಿ. ಇವತ್ತು ಒಬ್ಬ ಸಣ್ಣ ರೈತನ ಬೋರ್‌ವೆಲ್‌ನಲ್ಲಿ ಇರುವ ಮೋಟಾರು ಐದು ಎಚ್‌ಪಿ ಅಂದುಕೊಂಡರೆ, ಐದು ಜೋಡಿ ಎತ್ತು ದಣಿವಿಲ್ಲದೆ ಕಪಿಲೆ ಎಳೆದ ಹಾಗೆ. ಆಗಿನ ಶಕ್ತಿಯೆಲ್ಲ ಆಯಾ ವರ್ಷದ ಬಿಸಿಲಿನಿಂದ ಬಂದದ್ದು. ಬಿಸಿಲಿನಿಂದ ಹುಲ್ಲು, ಹುಲ್ಲಿನಿಂದ ಎತ್ತು, ಕಾಳಿನಿಂದ ಆಳು, ಮರದಿಂದ ಸೌದೆ. ಒಂದು ವರ್ಷ ಮಳೆ ಕೈಕೊಟ್ಟರೆ ಎಲ್ಲವೂ ಒಟ್ಟಿಗೇ ಕುಸಿಯುತ್ತಿತ್ತು.

ಇದು ಅಷ್ಟೇನೂ ಹಳೇ ಕಾಲದ ಮಾತಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಅಸ್ತ್ರ ಅನ್ನೋ ಕೇಂದ್ರ ಶುರು ಮಾಡಿದರು. ಅವರ ತಂಡ ಕುಣಿಗಲ್ ತಾಲೂಕಿನ ಉಂಗ್ರ ಸುತ್ತಮುತ್ತಲಿನ ಹಳ್ಳಿಗಳಿಗೆ ಹೋಗಿ, ಈ ಊರುಗಳಲ್ಲಿ ಒಟ್ಟು ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಮನೆಮನೆಯ ಲೆಕ್ಕ ತೆಗೆಯಿತು. ಕಂಡದ್ದು ಏನು ಗೊತ್ತಾ? ಅಷ್ಟೂ ಶಕ್ತಿಯಲ್ಲಿ ಬಹುಪಾಲು ಸೌದೆ, ಅದರಲ್ಲೂ ಬಹುಪಾಲು ಅಡುಗೆಗೆ. ಆ ಸೌದೆ ದೊಡ್ಡ ಮರ ಕಡಿದದ್ದೂ ಅಲ್ಲ, ಹೆಚ್ಚಾಗಿ ಪುರಲೆ, ಒಣಗಿದ ಕೊಂಬೆ. ಅದನ್ನು ಆಯ್ದು ತಲೆ ಮೇಲೆ ಹೊತ್ತು ತರುತ್ತಿದ್ದವರು ಹೆಂಗಸರು, ಮಕ್ಕಳು. ಒಲೆ ಮುಂದೆ ಕೂತು ಊದುಗೊಳವೆ ಊದುತ್ತಾ ಹೊಗೆ ಕುಡಿದವರೂ ಅವರೇ. ಆವರೆಗೆ ಸರ್ಕಾರದ ಲೆಕ್ಕದಲ್ಲಿ ಇಂಧನ ಅಂದರೆ ಕಲ್ಲಿದ್ದಲು, ಪೆಟ್ರೋಲು, ಕರೆಂಟ್. ಹಳ್ಳಿಯ ಹೆಂಗಸಿನ ತಲೆಹೊರೆ ಆ ಪಟ್ಟಿಯಲ್ಲಿ ಇರಲೇ ಇಲ್ಲ. ನನ್ನ ಮಟ್ಟಿಗೆ ನಮ್ಮ ನಾಡಿನಲ್ಲಿ ಇಂಧನದ ಬಗ್ಗೆ ನಡೆದ ಅತಿ ಮುಖ್ಯವಾದ ಕೆಲಸಗಳಲ್ಲಿ ಇದೊಂದು. ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆ ಬಂದದ್ದು ಇದರಿಂದಲೇ.

ಈಗ ಕಾವೇರಿಗೆ ಬರೋಣ. 1902ರ ಜೂನ್‌ನಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಜಗತ್ತಿನಲ್ಲೇ ಬಹಳ ಉದ್ದದ ಲೈನುಗಳಲ್ಲಿ ಅದೂ ಒಂದು. ದಿವಾನ್ ಶೇಷಾದ್ರಿ ಅಯ್ಯರ್ ಈ ಯೋಜನೆಯ ಹಿಂದಿದ್ದವರು. ಅದು ಮುಗಿಯುವ ಹೊತ್ತಿಗೆ ಅವರು ಬದುಕಿರಲಿಲ್ಲ. ಅಲ್ಲಿವರೆಗೆ ಗಣಿಯ ಯಂತ್ರಗಳು ಸೌದೆ, ಕಲ್ಲಿದ್ದಲು ಸುಟ್ಟ ಉಗಿಯಿಂದ ಓಡುತ್ತಿದ್ದವು. ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದದ್ದು 1905ರಲ್ಲಿ. ಇಲ್ಲಿ ಒಂದು ವಿಷಯ ಗಮನಿಸಿ: ಮೊದಲು ಕರೆಂಟ್ ಸಿಕ್ಕಿದ್ದು ಬ್ರಿಟಿಷ್ ಕಂಪನಿಯ ಗಣಿಗೆ. ಆಮೇಲೆ ಪಟ್ಟಣಕ್ಕೆ. ಶಿವನಸಮುದ್ರದ ಸುತ್ತಲಿನ ಹಳ್ಳಿಗಳ ಸರದಿ ಬಂದದ್ದು ಬಹಳ ತಡವಾಗಿ.

ಶಿವನಸಮುದ್ರದಲ್ಲಿ ಒಂದು ತೊಂದರೆ ಇತ್ತು, ಅದನ್ನು ಅರ್ಥ ಮಾಡಿಕೊಂಡರೆ ಇವತ್ತಿನ ತೊಂದರೆಯೂ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಕಾವೇರಿ ತುಂಬಿ ಹರಿಯುತ್ತಾಳೆ, ಬೇಸಿಗೆಯಲ್ಲಿ ಸೊರಗುತ್ತಾಳೆ. ಗಣಿಗೆ ಮಾತ್ರ ವರ್ಷವಿಡೀ ಒಂದೇ ಸಮ ಕರೆಂಟ್ ಬೇಕು. ನದಿ ಹರಿಯುವ ಹೊತ್ತು ಬೇರೆ, ನಮಗೆ ಬೇಕಾದ ಹೊತ್ತು ಬೇರೆ. ಆಗ ಕಂಡುಕೊಂಡ ದಾರಿ, ಮಳೆಗಾಲದ ನೀರನ್ನು ಬೇಸಿಗೆಗೆ ಹಿಡಿದಿಡುವುದು. ಕನ್ನಂಬಾಡಿ ಕಟ್ಟೆ ಅಂದ ಕೂಡಲೇ ನಮಗೆ ಮಂಡ್ಯದ ಗದ್ದೆ, ಕಬ್ಬು ನೆನಪಾಗುತ್ತದೆ, ಅದು ಸರಿಯೇ. ಆದರೆ 1911ರಲ್ಲಿ ಕೆಲಸ ಶುರುವಾದಾಗ ಶಿವನಸಮುದ್ರಕ್ಕೆ ಬೇಸಿಗೆಯಲ್ಲೂ ನೀರು ಸಿಗಬೇಕು, ಗಣಿಗೆ ಕರೆಂಟ್ ನಿಲ್ಲಬಾರದು ಅನ್ನೋದೂ ಅದರ ಒಂದು ದೊಡ್ಡ ಕಾರಣವಾಗಿತ್ತು. ಆ ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿ ಅನ್ನೋ ಊರು ನೀರಿನಡಿ ಹೋಯಿತು.

ಇತ್ತ ಜಗತ್ತು ಬೇರೆಯೇ ದಾರಿ ಹಿಡಿದಿತ್ತು. ಕಲ್ಲಿದ್ದಲು. ಸುಮಾರು 25ರಿಂದ 35 ಕೋಟಿ ವರ್ಷಗಳ ಹಿಂದಿನ ಕಾಡುಗಳು ಹೂತು, ಒತ್ತಡಕ್ಕೆ ಸಿಕ್ಕಿ ಕಲ್ಲಿದ್ದಲಾದವು. ಉತ್ತರ ಕರ್ನಾಟಕದ ಹಳೇ ಮನೆಗಳಲ್ಲಿ ನೆಲ ಅಗೆದು ಜೋಳ ತುಂಬಿಡುತ್ತಿದ್ದ ಹಗೇವು ಇರುತ್ತಿತ್ತಲ್ಲ, ಬರ ಬಂದಾಗ ಬಾಯಿ ತೆಗೆಯೋಕೆ, ಕಲ್ಲಿದ್ದಲು ಭೂಮಿಯ ಅಂಥದೊಂದು ಹಗೇವು. ವ್ಯತ್ಯಾಸ ಇಷ್ಟೇ, ಇದನ್ನು ತುಂಬಿದ್ದು ನಾವಲ್ಲ, ಮತ್ತೆ ತುಂಬಿಸೋಕೂ ನಮ್ಮಿಂದ ಆಗೋದಿಲ್ಲ. 1712ರಲ್ಲಿ ಇಂಗ್ಲೆಂಡಿನಲ್ಲಿ ನ್ಯೂಕೊಮೆನ್ ಮಾಡಿದ ಉಗಿಯಂತ್ರ ಕಲ್ಲಿದ್ದಲ ಗಣಿಯೊಳಗಿನ ನೀರು ಎತ್ತಿ ಹಾಕಲು ಬಂದದ್ದು. ಕಲ್ಲಿದ್ದಲು ತೆಗೆಯಲು ಕಲ್ಲಿದ್ದಲನ್ನೇ ಉರಿಸಿದರು. ಅಲ್ಲಿಂದ ಮುಂದೆ ಮನುಷ್ಯ ಮಳೆ, ಗಾಳಿ, ಬಿಸಿಲಿಗೆ ಕಾಯುವುದನ್ನೇ ಬಿಟ್ಟ. ಬೇಕಾದಾಗ ಉರಿಸು, ಬೇಡವಾದಾಗ ನಿಲ್ಲಿಸು, ರೈಲಿಗೆ ತುಂಬಿ ಎಲ್ಲಿಗೆ ಬೇಕಾದರೂ ಒಯ್ಯಿ. ಈ ಅನುಕೂಲಕ್ಕೆ ನಾವು ಎಷ್ಟು ಒಗ್ಗಿಹೋಗಿದ್ದೇವೆ ಅಂದರೆ ಸ್ವಿಚ್ ಒತ್ತಿದ ತಕ್ಷಣ ದೀಪ ಹತ್ತದಿದ್ದರೆ ಸಿಟ್ಟು ಬರುತ್ತದೆ.

ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿ ಇಲ್ಲ. ಬಹುಕಾಲ ನಾವು ನೀರನ್ನೇ ನಂಬಿದ್ದೆವು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ, ಕೃಷ್ಣೆಯ ದಡದಲ್ಲಿ, ಮೊದಲ ಶಾಖೋತ್ಪನ್ನ ಘಟಕ ಶುರುವಾಯಿತು. ಇವತ್ತು ಅಲ್ಲಿ ಎಂಟು ಘಟಕ, ಒಟ್ಟು 1,720 ಮೆಗಾವ್ಯಾಟ್. ಒಂದು ಯುನಿಟ್ ಕರೆಂಟಿಗೆ ಸುಮಾರು 650 ಗ್ರಾಂ ಕಲ್ಲಿದ್ದಲು ಬೇಕು. ಎಂಟೂ ಘಟಕ ಪೂರ್ತಿ ಓಡಿದರೆ ದಿನಕ್ಕೆ ಹತ್ತಿರ ಹತ್ತಿರ 27,000 ಟನ್, ಅಂದರೆ ಏಳು ಗೂಡ್ಸ್ ರೈಲು ಪೂರ್ತಿ ತುಂಬುವಷ್ಟು. ತೆಲಂಗಾಣ, ಮಹಾರಾಷ್ಟ್ರ, ಒಡಿಶಾ ಕಡೆಯಿಂದ ಆ ರೈಲುಗಳು ಬರಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಬೂದಿಯೇ. ಸ್ಥಾವರದ ಪಕ್ಕದ ಬೂದಿ ಹೊಂಡಗಳು ಬೆಟ್ಟದಂತೆ ಬೆಳೆಯುತ್ತವೆ, ಬೇಸಿಗೆಯ ಗಾಳಿಗೆ ಹಾರುಬೂದಿ ಸುತ್ತಲ ಊರಿನ ಪಾತ್ರೆ, ಬಟ್ಟೆ, ಬೆಳೆ ಮೇಲೆ ಕೂರುತ್ತದೆ. ಕಣ್ಣಿಗೆ ಕಾಣದ್ದು ಇನ್ನೊಂದಿದೆ. ಒಂದು ಯುನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದರಲ್ಲಿ ಒಂದಷ್ಟು ಭಾಗವನ್ನು ಗಿಡಮರ, ಸಮುದ್ರ ಹೀರಿಕೊಳ್ಳುತ್ತವೆ, ಉಳಿದದ್ದು ನೂರಾರು ವರ್ಷ ಮೇಲೆಯೇ ಇರುತ್ತದೆ.

ಈ ಒಂದೊಂದು ಕಿಲೋ ಸೇರಿ ಸೇರಿ ಏನಾಗಿದೆ? ಕಲ್ಲಿದ್ದಲ ಯುಗಕ್ಕೆ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಇತ್ತು. ಈಗ 420 ದಾಟಿದೆ. 2024ರಲ್ಲಿ ಭೂಮಿಯ ಸರಾಸರಿ ಉಷ್ಣಾಂಶ ಆ ಹಳೇ ಮಟ್ಟಕ್ಕಿಂತ ಒಂದೂವರೆ ಡಿಗ್ರಿ ಮೇಲೆ ಹೋಯಿತು. ಒಂದು ಪೂರ್ತಿ ವರ್ಷ ಹಾಗೆ ಆದದ್ದು ದಾಖಲೆಯಲ್ಲಿ ಅದೇ ಮೊದಲು. ಒಂದೂವರೆ ಡಿಗ್ರಿ ಕೇಳಲು ಸಣ್ಣದು, ಆದರೆ ಬಿಸಿಯಾದ ಗಾಳಿ ಜಾಸ್ತಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಸುರಿದರೆ ಒಂದೇ ಸಲ ಸುರಿಯುತ್ತದೆ, ಇಲ್ಲದಿದ್ದರೆ ವಾರಗಟ್ಟಲೆ ಇಲ್ಲ.

ಹವಾಮಾನಕ್ಕೂ ಕರೆಂಟಿಗೂ ಎಂಥ ಗಂಟು ಬಿದ್ದಿದೆ ಅನ್ನೋದು 2023ರಲ್ಲಿ ಎಲ್ಲರಿಗೂ ಗೊತ್ತಾಯಿತು. ಅದು ಎಲ್ ನಿನೊ ವರ್ಷ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರು ಸೊರಗುವ ಸಾಧ್ಯತೆ ಜಾಸ್ತಿ ಇರುವ ವರ್ಷ. ಮುಂಗಾರು ಕೈಕೊಟ್ಟಿತು, ಜಲಾಶಯಗಳು ತುಂಬಲಿಲ್ಲ, ಜಲವಿದ್ಯುತ್ ಕುಸಿಯಿತು. ಮಳೆ ಇದ್ದಿದ್ದರೆ ಆ ತಿಂಗಳುಗಳಲ್ಲಿ ರೈತರ ಪಂಪ್‌ಸೆಟ್ ಸುಮ್ಮನಿರುತ್ತಿತ್ತು. ಮಳೆ ಇಲ್ಲದ್ದಕ್ಕೆ ಬೆಳೆ ಉಳಿಸಿಕೊಳ್ಳಲು ಎಲ್ಲರೂ ಬೋರ್ ಚಾಲೂ ಮಾಡಿದರು. ಒಂದು ಕಡೆ ಉತ್ಪಾದನೆ ಇಳಿಯಿತು, ಇನ್ನೊಂದು ಕಡೆ ಬೇಡಿಕೆ ಏರಿತು, ಎರಡಕ್ಕೂ ಕಾರಣ ಒಂದೇ. ಅಕ್ಟೋಬರಿನಲ್ಲಿ ಹಳ್ಳಿಹಳ್ಳಿಯಲ್ಲಿ ಲೋಡ್ ಶೆಡ್ಡಿಂಗ್, ಸಬ್‌ಸ್ಟೇಷನ್ ಮುಂದೆ ಧರಣಿ. ಆ ಒಂದು ವರ್ಷದ ಬರವನ್ನು ನೇರವಾಗಿ ಕಲ್ಲಿದ್ದಲ ಹೊಗೆಯ ತಲೆಗೆ ಕಟ್ಟಲು ಆಗುವುದಿಲ್ಲ, ಬರ ಮೊದಲೂ ಬರುತ್ತಿತ್ತು. ಆದರೆ ಇಂಥ ಏರುಪೇರು ಹೆಚ್ಚಾಗುವ ದಿಕ್ಕಿನಲ್ಲೇ ಭೂಮಿ ಹೋಗುತ್ತಿದೆ.

ಹಾಗಾದರೆ ಕಲ್ಲಿದ್ದಲು ಕೆಟ್ಟದ್ದು, ನೀರು ಒಳ್ಳೆಯದು ಅಂತ ಮುಗಿಸಿಬಿಡಬಹುದಾ? ಸಾಗರ, ಹೊಸನಗರದ ಕಡೆಯವರನ್ನು ಕೇಳಿ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. 1,819 ಅಡಿ ಎತ್ತರದವರೆಗೆ ನೀರು ನಿಲ್ಲುತ್ತದೆ, ಹಿಡಿಯುವುದು 151 ಟಿಎಂಸಿ. ಶರಾವತಿ ಕಣಿವೆಯ ಅಡಿಕೆ ತೋಟ, ಗದ್ದೆ, ದೇವಸ್ಥಾನ, ಮನೆ ಎಲ್ಲ ಅದರಡಿ ಹೋದವು. 1940ರ ದಶಕದಲ್ಲಿ ಜೋಗದ ಕರೆಂಟಿಗೆಂದೇ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಈಗಲೂ ಮೇಲೆ ಕಾಣುತ್ತದೆ. ಆ ಭಾಗದಲ್ಲಿ ಮುಳುಗಡೆ ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಸಾವಿರಾರು ಕುಟುಂಬಗಳನ್ನು ಎಬ್ಬಿಸಿ ಕಾಡಿನ ಜಾಗ ತೋರಿಸಿದರು. ಆ ಜಾಗದ ಹಕ್ಕುಪತ್ರದ ವಿಷಯ ಇವತ್ತಿಗೂ ಕಚೇರಿ, ಕೋರ್ಟು ಅಂತ ಅಲೆಯುತ್ತಿದೆ. ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯ ಜನ ಅರವತ್ತು ವರ್ಷ ಲಾಂಚ್ ನಂಬಿಕೊಂಡು ಬದುಕಿದರು, ಹೆರಿಗೆ ನೋವಿರಲಿ, ಹಾವು ಕಚ್ಚಿರಲಿ, ಲಾಂಚ್ ಬರುವವರೆಗೆ ಕಾಯಬೇಕು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಕೊನೆಗೂ ತೆರೆದದ್ದು 2025ರ ಜುಲೈನಲ್ಲಿ. ಇವರ ನೆಲದ ಮೇಲೆ ನಿಂತ ನೀರಿನಿಂದ ಇಡೀ ರಾಜ್ಯದ ಕಾರ್ಖಾನೆ ಓಡಿದವು. ಶರಾವತಿ ವಿದ್ಯುದಾಗಾರದ 1,035 ಮೆಗಾವ್ಯಾಟ್ ಇವತ್ತಿಗೂ ರಾಜ್ಯಕ್ಕೆ ಸಿಗುವ ಅತಿ ಅಗ್ಗದ ಕರೆಂಟುಗಳಲ್ಲಿ ಒಂದು. ಅಗ್ಗ ಯಾಕೆ ಅಂದರೆ ಅದರ ಬೆಲೆಯಲ್ಲಿ ದೊಡ್ಡ ಭಾಗವನ್ನು ಬೇರೆ ಯಾರೋ ಆಗಲೇ ತೆತ್ತಾಗಿದೆ.

ಇನ್ನು ಪಾವಗಡ. ಮೇಲಿಂದ ಮೇಲೆ ಬರಪೀಡಿತ ಪಟ್ಟಿಗೆ ಸೇರುತ್ತಿದ್ದ, ಕಡಲೆಕಾಯಿ ಬಿತ್ತಿ ಆಕಾಶ ನೋಡುತ್ತಿದ್ದ ತಾಲೂಕು. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಈಗ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಇಲ್ಲಿ ಶರಾವತಿಗಿಂತ ಬೇರೆ ದಾರಿ ಹಿಡಿದರು. ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಪಹಣಿಯಲ್ಲಿ ರೈತನ ಹೆಸರೇ ಉಳಿಯಿತು. ಮುಳುಗಡೆಗೆ ಹೋಲಿಸಿದರೆ ಇದು ನಿಜಕ್ಕೂ ದೊಡ್ಡ ಸುಧಾರಣೆ, ಅದನ್ನು ಒಪ್ಪಲೇಬೇಕು. ಆದರೆ ಜಮೀನು ಇದ್ದವರಿಗೆ ಬಾಡಿಗೆ ಬಂತು, ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ? ಕಳೆ ಕೀಳುವ ಕೆಲಸ ಹೋಯಿತು, ಕುರಿ ಮೇಯಿಸುವ ಬಯಲಿಗೆ ಬೇಲಿ ಬಿತ್ತು. ಪ್ಯಾನೆಲ್ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಅಲ್ಲ.

ಈಗ ಸ್ವಲ್ಪ ಲೆಕ್ಕ. ಪತ್ರಿಕೆಯಲ್ಲಿ ಪಾವಗಡ 2,050 ಮೆಗಾವ್ಯಾಟ್, ರಾಯಚೂರು 1,720 ಮೆಗಾವ್ಯಾಟ್ ಅಂತ ಓದಿದಾಗ ಪಾವಗಡವೇ ದೊಡ್ಡದು ಅನಿಸುತ್ತದೆ ಅಲ್ವಾ? ಮೆಗಾವ್ಯಾಟ್ ಹೇಳುವುದು ಒಂದು ಗಳಿಗೆಯಲ್ಲಿ ಗರಿಷ್ಠ ಎಷ್ಟು ಕೊಡಬಲ್ಲದು ಅಂತ ಮಾತ್ರ. ದಿನದ ಕೊನೆಗೆ ಎಷ್ಟು ಯುನಿಟ್ ಬಂತು ಅನ್ನೋದು ಬೇರೆ ಮಾತು. ಒಂದು ಕಿಲೋವ್ಯಾಟಿನ ಪ್ಯಾನೆಲ್ ನಮ್ಮ ಬಿಸಿಲಿಗೆ ದಿನಕ್ಕೆ ನಾಲ್ಕೈದು ಯುನಿಟ್ ಕೊಡುತ್ತದೆ. ಬೆಳಗ್ಗೆ ನಿಧಾನಕ್ಕೆ ಏರಿ, ಮಧ್ಯಾಹ್ನ ತುದಿ ಮುಟ್ಟಿ, ಸಂಜೆ ಆರಕ್ಕೆ ಸೊನ್ನೆ. ಆ ಲೆಕ್ಕದಲ್ಲಿ ಪಾವಗಡದಿಂದ ದಿನಕ್ಕೆ ಸುಮಾರು ಒಂದು ಕೋಟಿ ಯುನಿಟ್. ರಾಯಚೂರು ಇಪ್ಪತ್ನಾಲ್ಕು ಗಂಟೆ ಪೂರ್ತಿ ಓಡಿದರೆ ನಾಲ್ಕು ಕೋಟಿ. 2025ರಲ್ಲಿ ಭಾರತದ ಒಟ್ಟು ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲ ಬಿಟ್ಟು ಬೇರೆ ಮೂಲಗಳದ್ದು ಅಂತ ಸುದ್ದಿ ಬಂತು. ಸುದ್ದಿ ನಿಜ. ಆದರೂ ದೇಶ ಬಳಸುವ ಯುನಿಟ್‌ಗಳಲ್ಲಿ ಬಹುಪಾಲು ಈಗಲೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ಈ ಎರಡು ಮಾತಿನಲ್ಲಿ ವಿರೋಧ ಇಲ್ಲ, ಒಂದು ಮೆಗಾವ್ಯಾಟಿನ ಮಾತು, ಇನ್ನೊಂದು ಯುನಿಟ್ಟಿನ ಮಾತು.

ಸೋಲಾರ್ ಅಗ್ಗವಾದ ವೇಗ ಮಾತ್ರ ಯಾರೂ ಊಹಿಸದಂಥದ್ದು. 2010ರ ಹೊತ್ತಿನ ಹರಾಜುಗಳಲ್ಲಿ ನಮ್ಮ ದೇಶದಲ್ಲಿ ಯುನಿಟ್ಟಿಗೆ ಹತ್ತು, ಹನ್ನೆರಡು ರೂಪಾಯಿ. 2017ರಲ್ಲಿ ರಾಜಸ್ಥಾನದ ಭಡ್ಲಾದ ಹರಾಜಿನಲ್ಲಿ 2 ರೂಪಾಯಿ 44 ಪೈಸೆ. ಹಗಲಿನ ಹೊತ್ತು ಹೊಸ ಕಲ್ಲಿದ್ದಲ ಸ್ಥಾವರ ಇದರ ಹತ್ತಿರವೂ ಬರಲಾರದು. ಹಗಲು ಎಷ್ಟು ಕರೆಂಟ್ ಬೇಕು ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಉಳಿದದ್ದು ಯಾವಾಗ ಅನ್ನೋ ಪ್ರಶ್ನೆ. ಶಿವನಸಮುದ್ರದಲ್ಲಿ ಇದ್ದದ್ದೂ ಇದೇ.

ಯಾವಾಗ ಅನ್ನೋದು ಯಾಕಿಷ್ಟು ಮುಖ್ಯ? ಕರೆಂಟನ್ನು ತಂತಿಯಲ್ಲಿ ಕೂಡಿಡಲು ಬರುವುದಿಲ್ಲ. ಈ ಕ್ಷಣ ಎಷ್ಟು ಬಳಕೆಯಾಗುತ್ತಿದೆಯೋ ಅಷ್ಟನ್ನೇ ಈ ಕ್ಷಣ ಉತ್ಪಾದಿಸಬೇಕು. ಸ್ಥಾವರ, ಊರುಗಳನ್ನೆಲ್ಲ ಜೋಡಿಸಿದ ತಂತಿಜಾಲಕ್ಕೆ ಗ್ರಿಡ್ ಅನ್ನುತ್ತಾರೆ. ನಮ್ಮ ಗ್ರಿಡ್ಡಿನ ಕರೆಂಟ್ ಸೆಕೆಂಡಿಗೆ 50 ಸಲ ಮಿಡಿಯುತ್ತದೆ, ಇದೇ 50 ಹರ್ಟ್ಜ್. ಬಳಕೆ ದಿಢೀರನೆ ಏರಿದರೆ ಸ್ಥಾವರಗಳ ಟರ್ಬೈನುಗಳ ಮೇಲೆ ಹೊರೆ ಬಿದ್ದು ಅವು ತುಸು ನಿಧಾನವಾಗುತ್ತವೆ, ಮಿಡಿತ 50ಕ್ಕಿಂತ ಕೆಳಗಿಳಿಯುತ್ತದೆ. ಬಳಕೆ ಇಳಿದರೆ ಮೇಲೇರುತ್ತದೆ. ತೀರಾ ಹೆಚ್ಚುಕಡಿಮೆಯಾದರೆ ಯಂತ್ರಗಳು ತಮ್ಮನ್ನು ಕಾಪಾಡಿಕೊಳ್ಳಲು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಒಂದು ಕಡೆ ಶುರುವಾದದ್ದು ಹೀಗೆ ಸರಪಳಿಯಂತೆ ಹಬ್ಬಿಬಿಡುತ್ತದೆ. 2012ರ ಜುಲೈ 30, 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದಲ್ಲಿ ಗ್ರಿಡ್ ಕುಸಿದಾಗ ಸುಮಾರು 60 ಕೋಟಿ ಜನರ ಊರುಗಳಲ್ಲಿ ಕರೆಂಟ್ ಹೋಯಿತು. ದಕ್ಷಿಣಕ್ಕೆ ತಟ್ಟಲಿಲ್ಲ, ಯಾಕಂದರೆ ನಮ್ಮ ಗ್ರಿಡ್ ಆಗ ಬೇರೆಯೇ ಮಿಡಿತದಲ್ಲಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನ್ ಜೋಡಿಸಿದ ಮೇಲೆ ಇಡೀ ದೇಶ ಒಂದೇ ಗ್ರಿಡ್ ಆಯಿತು. ಈಗ ಪಾವಗಡದ ಮಧ್ಯಾಹ್ನದ ಬಿಸಿಲು ದೆಹಲಿಯ ಫ್ಯಾನ್ ತಿರುಗಿಸಬಲ್ಲದು.

ಸಂಜೆ ಆರೂವರೆಗೆ ಏನಾಗುತ್ತದೆ ನೋಡಿ. ಸೋಲಾರ್ ಇಳಿದು ಹೋಗಿರುತ್ತದೆ. ಅದೇ ಹೊತ್ತಿಗೆ ಮನೆಮನೆಯಲ್ಲಿ ದೀಪ, ಟಿವಿ, ಮಿಕ್ಸಿ, ಎಸಿ. ಸಾವಿರಾರು ಮೆಗಾವ್ಯಾಟನ್ನು ಎರಡು ಮೂರು ಗಂಟೆಯೊಳಗೆ ಬೇರೆ ಎಲ್ಲಿಂದಲೋ ತರಬೇಕು. ಕಲ್ಲಿದ್ದಲ ಘಟಕವನ್ನು ಮಧ್ಯಾಹ್ನ ಆರಿಸಿ ಸಂಜೆ ಹಚ್ಚೋಣ ಅಂದರೆ ಆಗುವುದಿಲ್ಲ, ತಣ್ಣಗಾದ ಬಾಯ್ಲರ್ ಮತ್ತೆ ಕಾದು ಪೂರ್ತಿ ಬಲಕ್ಕೆ ಬರಲು ಎಷ್ಟೋ ಗಂಟೆ ಬೇಕು. ಅದಕ್ಕೇ ಮಧ್ಯಾಹ್ನ ಅದನ್ನು ಅರ್ಧ ಬಲಕ್ಕಿಂತ ಸ್ವಲ್ಪ ಮೇಲೆ ಉರಿಸುತ್ತಾ ಇಡುತ್ತಾರೆ, ಅತ್ತ ಸೋಲಾರ್ ಕರೆಂಟನ್ನು ಕೆಲವೊಮ್ಮೆ ಬೇಡ ಅಂತ ನಿಲ್ಲಿಸುತ್ತಾರೆ. ಮಧ್ಯಾಹ್ನ ಬಿಸಿಲು ಪೋಲು, ಸಂಜೆ ಕೊರತೆ. ಗದಗ, ಚಿತ್ರದುರ್ಗದ ಗಾಳಿಯಂತ್ರಗಳು ಒಂದಿಷ್ಟು ಕೈಹಿಡಿಯುತ್ತವೆ. ಮುಂಗಾರಿನ ತಿಂಗಳುಗಳಲ್ಲಿ ಅವು ರಾತ್ರಿಯೂ ತಿರುಗುತ್ತವೆ. ಕೈಗಾದ 880 ಮೆಗಾವ್ಯಾಟ್ ಹಗಲು ರಾತ್ರಿ ಒಂದೇ ಸಮ ಬರುತ್ತದೆ. ಅಲ್ಲಿನ ಒಂದನೇ ಘಟಕ 2018ರ ಕೊನೆಯವರೆಗೆ ಸತತ 962 ದಿನ ನಿಲ್ಲದೆ ಓಡಿ ಜಾಗತಿಕ ದಾಖಲೆ ಮಾಡಿತು. ಆದರೆ ಸಂಜೆ ಬೇಕು ಅಂತ ಅಣುಸ್ಥಾವರವನ್ನು ಥಟ್ಟನೆ ಏರಿಸಲು, ಇಳಿಸಲು ಬರುವುದಿಲ್ಲ.

ಇದಕ್ಕೆ ಎರಡು ದಾರಿ. ಬಳಕೆಯನ್ನು ಬಿಸಿಲಿರುವ ಹೊತ್ತಿಗೆ ತರುವುದು ಒಂದು, ಬಿಸಿಲನ್ನು ಬಳಕೆಯ ಹೊತ್ತಿಗೆ ಕಾಪಿಡುವುದು ಇನ್ನೊಂದು. ಮೊದಲನೆಯದು ಅಗ್ಗ, ಆದರೂ ಅದರ ಮಾತು ಕಡಿಮೆ.

ಪಂಪ್‌ಸೆಟ್ ವಿಷಯ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಲಕ್ಷಾಂತರ ಪಂಪ್‌ಸೆಟ್ ಇವೆ, ಹತ್ತು ಎಚ್‌ಪಿವರೆಗೆ ಕರೆಂಟ್ ಉಚಿತ. ವರ್ಷಗಟ್ಟಲೆ ರೈತರಿಗೆ ಪಂಪ್ ಓಡಿಸಲು ಬೇಕಾದ ತ್ರೀ ಫೇಸ್ ಕರೆಂಟ್ ಸಿಗುತ್ತಿದ್ದದ್ದು ರಾತ್ರಿ, ಯಾಕಂದರೆ ರಾತ್ರಿ ಬೇರೆಯವರ ಬಳಕೆ ಕಡಿಮೆ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು, ಕಾಲಡಿ ಹಾವಿದೆಯೋ ನೋಡುತ್ತಾ, ಮಲೆನಾಡಿನ ಅಂಚಿನಲ್ಲಾದರೆ ಆನೆ, ಚಿರತೆಯ ಭಯದಲ್ಲಿ ಹೊಲಕ್ಕೆ ಹೋಗಿ ನೀರು ತಿರುಗಿಸಬೇಕು. ಇಲ್ಲದಿದ್ದರೆ ಆಟೋ ಸ್ಟಾರ್ಟರ್ ಹಾಕಿ ಮಲಗುವುದು. ಕರೆಂಟ್ ಬಂದ ಕೂಡಲೇ ಊರಿನ ಅಷ್ಟೂ ಮೋಟಾರು ಒಟ್ಟಿಗೇ ಎದ್ದರೆ ಟಿಸಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಗುತ್ತದೆ. ಹೊಲ ತುಂಬಿ ಹರಿದರೂ ಕೇಳುವವರಿಲ್ಲ. ಈಗ ಹಗಲು ಸೋಲಾರ್ ಇದೆ. ಪಂಪ್‌ಸೆಟ್ ಫೀಡರುಗಳಿಗೆ, ಅಂದರೆ ಸಬ್‌ಸ್ಟೇಷನ್‌ನಿಂದ ಪಂಪ್‌ಸೆಟ್‌ಗಳಿಗೆ ಹೋಗುವ ಲೈನುಗಳಿಗೆ, ಹಗಲು ಏಳು ಗಂಟೆ ಕೊಟ್ಟರೆ ರೈತನ ನಿದ್ದೆ ಉಳಿಯುತ್ತದೆ, ಮಧ್ಯಾಹ್ನದ ಬಿಸಿಲು ಪೋಲಾಗುವುದಿಲ್ಲ, ಸಂಜೆಯ ಹೊರೆ ಇಳಿಯುತ್ತದೆ. ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಘಟಕ ಹಾಕಿ ಫೀಡರಿಗೆ ಜೋಡಿಸುವ ಕುಸುಮ್ ಯೋಜನೆ ಇದಕ್ಕೇ ಇರುವುದು. ಎತ್ತಿದ ನೀರು ಹೊಲದಲ್ಲಿ, ಕೃಷಿಹೊಂಡದಲ್ಲಿ ಉಳಿಯುತ್ತದೆ. ಬ್ಯಾಟರಿಯ ಅಗತ್ಯವೇ ಇಲ್ಲ. ನನ್ನನ್ನು ಕೇಳಿದರೆ ರಾಜ್ಯದ ಇಂಧನ ಹಣದಲ್ಲಿ ಮೊದಲ ಪಾಲು ಹೋಗಬೇಕಾದ್ದು ಇದಕ್ಕೆ. ಹೀಗೇ ಬಿಸಿನೀರು. ಚಾವಣಿ ಮೇಲಿನ ಸೋಲಾರ್ ವಾಟರ್ ಹೀಟರ್ ಹಗಲಿನ ಬಿಸಿಲನ್ನು ಮರುದಿನ ಬೆಳಗಿನ ಸ್ನಾನದವರೆಗೆ ಕಾದಿಡುತ್ತದೆ, ಎರಡು ಸಾವಿರ ವ್ಯಾಟಿನ ಗೀಸರುಗಳು ಬೆಳಗ್ಗೆ ಏಳಕ್ಕೆ ಒಟ್ಟಿಗೇ ಹೊತ್ತಿಕೊಳ್ಳುವುದು ತಪ್ಪುತ್ತದೆ.

ಕಾಪಿಡುವ ದಾರಿಗೆ ಬಂದರೆ, ಬ್ಯಾಟರಿಗಳ ಬೆಲೆ ವೇಗವಾಗಿ ಇಳಿಯುತ್ತಿದೆ, ಸಂಜೆಯ ಎರಡು ನಾಲ್ಕು ಗಂಟೆಗೆ ಅವು ಚೆನ್ನಾಗಿ ಒದಗುತ್ತವೆ. ಅದಕ್ಕೆ ಬೇಕಾದ ಲಿಥಿಯಂ ಬರುವುದು ಆಸ್ಟ್ರೇಲಿಯಾ, ಚಿಲಿಯಂಥ ಕಡೆಯಿಂದ, ಅಲ್ಲೂ ಒಂದು ನೆಲ, ಅಲ್ಲೂ ಒಂದಷ್ಟು ಜನ. ಇನ್ನೊಂದು ವಿಧಾನ ಪಂಪ್ಡ್ ಸ್ಟೋರೇಜ್. ಹಗಲು ಮಿಕ್ಕ ಕರೆಂಟಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಏರಿಸುವುದು, ಸಂಜೆ ಅದನ್ನೇ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. ಏರಿಸಲು 100 ಯುನಿಟ್ ಖರ್ಚಾದರೆ ವಾಪಸ್ ಬರುವುದು 75ರಿಂದ 80. ನಷ್ಟ ಅನಿಸಬಹುದು, ಆದರೆ ಪೋಲಾಗಲಿದ್ದ ಮಧ್ಯಾಹ್ನದ ಯುನಿಟ್ಟನ್ನು ಸಂಜೆಗೆ ತಂದದ್ದಕ್ಕೆ ಅಷ್ಟು ಕೊಡಬಹುದು.

ಇದಕ್ಕೆ ರಾಜ್ಯ ಸರ್ಕಾರ ಆರಿಸಿಕೊಂಡಿರುವ ದೊಡ್ಡ ಜಾಗ ಮತ್ತೆ ಶರಾವತಿ ಕಣಿವೆ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪ, ನಡುವೆ 2,000 ಮೆಗಾವ್ಯಾಟ್. ಎರಡೂ ಜಲಾಶಯ ಆಗಲೇ ಇರುವುದರಿಂದ ಹೊಸ ದೊಡ್ಡ ಮುಳುಗಡೆ ಇಲ್ಲ ಅನ್ನೋದು ಯೋಜನೆಯ ಪರವಾದ ಮಾತು, ಅದರಲ್ಲಿ ಹುರುಳಿದೆ. ಆದರೆ ಬೆಟ್ಟದೊಳಗೆ ಸುರಂಗ ಕೊರೆಯಬೇಕು, ಭೂಗತ ವಿದ್ಯುದಾಗಾರ ಕಟ್ಟಬೇಕು, ಕಾಡಿನಲ್ಲಿ ರಸ್ತೆ ಅಗಲ ಮಾಡಬೇಕು, ಸಾವಿರಾರು ಮರ ಹೋಗಬೇಕು. ಅದು ಸಿಂಗಳೀಕಗಳ ಅಭಯಾರಣ್ಯ. ಮರದ ಮೇಲಿಂದ ಮರಕ್ಕೆ ಹಾರಿಯೇ ಬದುಕುವ, ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಕೋತಿ ಅದು. ಕಾಡಿನ ಛಾವಣಿ ತುಂಡಾದರೆ ಗುಂಪೂ ತುಂಡಾಗುತ್ತದೆ. ಗುಡ್ಡ ಕುಸಿತ ಇತ್ತೀಚಿನ ಮಳೆಗಾಲಗಳಲ್ಲಿ ಉತ್ತರ ಕನ್ನಡಕ್ಕೆ ಹೊಸದಲ್ಲ, 2024ರಲ್ಲಿ ಶಿರೂರಿನಲ್ಲಿ ಏನಾಯಿತು ಅಂತ ಎಲ್ಲರೂ ನೋಡಿದ್ದೇವೆ. ಹೊನ್ನಾವರ, ಸಾಗರದ ಜನ ಬೀದಿಗಿಳಿದು ವಿರೋಧಿಸುತ್ತಿರುವುದನ್ನು ಅಭಿವೃದ್ಧಿಗೆ ಅಡ್ಡಿ ಅಂತ ತಳ್ಳಿಹಾಕುವುದು ತಪ್ಪು. ಹೋದ ಸಲ ಏನು ಮಾತು ಕೊಟ್ಟಿದ್ದರು, ಏನು ಸಿಕ್ಕಿತು ಅನ್ನೋದು ಅವರಿಗೆ ಮರೆತಿಲ್ಲ.

ಹಾಗಂತ ಕಾಪಿಡುವ ಜಾಗವೇ ಬೇಡ ಅಂದರೆ ರಾಯಚೂರಿನ ಬೂದಿ ಹೊಂಡ ಇನ್ನಷ್ಟು ಬೆಳೆಯುತ್ತದೆ. ಬಳಕೆ ಕಡಿಮೆ ಮಾಡಿ ಅಂತ ಉಪದೇಶ ಮಾಡುವುದೂ ಸುಲಭವಲ್ಲ. ಭಾರತದಲ್ಲಿ ಒಬ್ಬರಿಗೆ ವರ್ಷಕ್ಕೆ ಸರಾಸರಿ 1,400 ಯುನಿಟ್ ಆಸುಪಾಸು ಬರುತ್ತದೆ, ಅಮೆರಿಕದಲ್ಲಿ 12,000ಕ್ಕೂ ಜಾಸ್ತಿ. ಒಂದು ಫ್ರಿಜ್ಜು, ಒಂದು ವಾಷಿಂಗ್ ಮಷಿನ್ ಈಗಷ್ಟೇ ಕೊಂಡ ಮನೆಯ ಹೆಂಗಸಿಗೆ ಅದು ಬೇಡ ಅಂತ ಹೇಳಲು ಯಾರಿಗೂ ಬಾಯಿಲ್ಲ. ಉಳಿತಾಯದ ಯಂತ್ರ ಬಂದರೆ ಬಳಕೆ ತಾನಾಗಿ ಇಳಿಯುತ್ತದೆ ಅನ್ನೋ ನಂಬಿಕೆಯೂ ಪೂರ್ತಿ ನಿಜವಲ್ಲ. 1865ರಲ್ಲೇ ಜೆವನ್ಸ್ ಅನ್ನೋ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಇದನ್ನು ಗುರುತಿಸಿದ್ದ. ಉಗಿಯಂತ್ರ ಸುಧಾರಿಸಿ ಕಲ್ಲಿದ್ದಲು ಉಳಿದರೆ, ಅಗ್ಗವಾಯಿತು ಅಂತ ಜನ ಇನ್ನೂ ಹೆಚ್ಚು ಯಂತ್ರ ಓಡಿಸುತ್ತಾರೆ, ಒಟ್ಟು ಬಳಕೆ ಏರುತ್ತದೆ ಅಂತ. ಅರವತ್ತು ವ್ಯಾಟಿನ ಬಲ್ಬಿನ ಜಾಗಕ್ಕೆ ಒಂಬತ್ತು ವ್ಯಾಟಿನ ಎಲ್‌ಇಡಿ ಬಂತು, ಆದರೂ 2024ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು.

ಇಲ್ಲಿ ಮತ್ತೆ ಅಮೂಲ್ಯ ರೆಡ್ಡಿಯವರ ಕೆಲಸವೇ ನೆನಪಾಗುತ್ತದೆ. 1980ರ ದಶಕದ ಕೊನೆಗೆ ರಾಜ್ಯದ ಮುಂದಿನ ಕರೆಂಟ್ ಬೇಡಿಕೆಗೆ ಸಾಲು ಸಾಲು ದೊಡ್ಡ ಯೋಜನೆಗಳ ಪಟ್ಟಿ ಬಂದಾಗ ಅವರೂ ಅವರ ಜೊತೆಗಾರರೂ ಬೇರೆ ಕಡೆಯಿಂದ ಲೆಕ್ಕ ಶುರು ಮಾಡಿದರು. ಜನರಿಗೆ ಬೇಕಾದದ್ದು ಕರೆಂಟ್ ಅಲ್ಲ. ಬೆಳಕು, ಬಿಸಿನೀರು, ಬೇಯಿಸಿದ ಅನ್ನ, ಹೊಲಕ್ಕೆ ನೀರು. ಒಂದೊಂದನ್ನೂ ಅತಿ ಕಡಿಮೆ ಖರ್ಚಿನಲ್ಲಿ, ಎಲ್ಲ ಮನೆಗೂ ಸಿಗುವ ಹಾಗೆ ಹೇಗೆ ಕೊಡಬಹುದು ಅಂತ ಕೆಳಗಿನಿಂದ ಕೂಡಿಸುತ್ತಾ ಹೋದರೆ, ಕಟ್ಟಬೇಕಾದ ಸ್ಥಾವರಗಳ ಪಟ್ಟಿ ತಾನಾಗಿ ಬಹಳ ಚಿಕ್ಕದಾಗುತ್ತದೆ ಅಂತ ತೋರಿಸಿದರು.

ಇವತ್ತು ಅದೇ ಲೆಕ್ಕವನ್ನು ಗಂಟೆಗಂಟೆಗೆ ಮಾಡಬೇಕು. ಎಷ್ಟು ಪಂಪ್‌ಸೆಟ್ ಹಗಲಿಗೆ ಬಂದಿವೆ, ಇನ್ನೆಷ್ಟು ಬರಬಹುದು. ಎಷ್ಟು ಗೀಸರ್ ಚಾವಣಿಗೆ ಹತ್ತಬಹುದು. ಸಬ್‌ಸ್ಟೇಷನ್‌ಗಳಲ್ಲಿ ಎಷ್ಟು ಬ್ಯಾಟರಿ ಇಡಬಹುದು. ಇಷ್ಟೆಲ್ಲ ಆದ ಮೇಲೆ ಸಂಜೆ ಆರೂವರೆಗೆ ಉಳಿಯುವ ಕೊರತೆ ಎಷ್ಟು ಮೆಗಾವ್ಯಾಟ್, ಎಷ್ಟು ಗಂಟೆ. ಆ ಅಂಕಿಯನ್ನು ಸಾಗರದ, ಹೊನ್ನಾವರದ ಜನರ ಮುಂದೆ ಕನ್ನಡದಲ್ಲಿ ಇಟ್ಟು, ಕಣಿವೆಗೆ ಬರದೆ ಬೇರೆ ದಾರಿ ಇಲ್ಲ ಅಂತ ತೋರಿಸುವ ಜವಾಬ್ದಾರಿ ಸರ್ಕಾರದ್ದು. ತೋರಿಸಲು ಆಗದಿದ್ದರೆ ಕೊರೆಯಬಾರದು. ಮತ್ತೆ ಅದಕ್ಕೂ ಮೊದಲು, 1964ರಲ್ಲಿ ಮನೆ ಬಿಟ್ಟವರ ಮಕ್ಕಳು, ಮೊಮ್ಮಕ್ಕಳ ಕೈಗೆ ಅವರ ಜಮೀನಿನ ಹಕ್ಕುಪತ್ರ ಕೊಡಬೇಕು.